ದೀಪದಕ್ಕನ ದಾನ

ಮೊಟ್ಟೆ ಒಡೆದದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಅದೂ ದೀಪದಕ್ಕನ ತಟ್ಟೆಯಲ್ಲಿ. ಒಡೆದವನು ಅವಳ ಒಡಹುಟ್ಟಿದ ತಮ್ಮ. ತಟ್ಟೆಗೆ ಅನ್ನ ಬಿದ್ದಿತ್ತು, ಬೇಳೆ ಇನ್ನೂ ಬಿದ್ದಿರಲಿಲ್ಲ. ಅವನು ಕೋಳಿ ಶೆಡ್ಡಿನಿಂದ ನೇರವಾಗಿ ಬಂದು, ಕೈಯನ್ನೂ ತೊಳೆಯದೆ, ಜೇಬಿನಿಂದ ಮೊಟ್ಟೆಯೊಂದನ್ನು ತೆಗೆದು ಅಂಚಿಗೆ ಕುಟ್ಟಿ ಅನ್ನದ ಮೇಲೆ ಸುರಿದ.

"ನೋಡಕ್ಕ. ಕಾಣ್ತಾ ಇದೆಯಾ?"

ದೀಪದಕ್ಕ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದಳು.

"ನಿನ್ನನ್ನೇ ಕೇಳ್ತಾ ಇರೋದು. ಇಷ್ಟು ದೊಡ್ಡ ರಕ್ತದ ಚುಕ್ಕೆ. ಇಂಥ ನಾಲ್ಕು ಮೊಟ್ಟೆ ಬೇಕರಿಯವರ ಹಿಟ್ಟಿನ ಪಾತ್ರೆಗೆ ಬಿದ್ದಿವೆ. ಪಾತ್ರೆ ಪೂರ್ತಿ ಚರಂಡಿಗೆ ಸುರಿದು, ನಮ್ಮ ಲಾರಿ ಲಾರೀನೇ ವಾಪಸ್ ಕಳಿಸಿದ್ದಾರೆ. ಕಾಣ್ತಾ ಇದೆಯಾ ಅಂದೆ."

"ಇಲ್ಲ," ಎಂದಳು.

"ಬಗ್ಗು. ಬಗ್ಗಿ ನೋಡು, ಕಾಣತ್ತೆ." ಅವನು ಅವಳ ಕತ್ತಿನ ಹಿಂಭಾಗಕ್ಕೆ ಕೈಯಿಟ್ಟು ಮುಖವನ್ನು ತಟ್ಟೆಯ ಹತ್ತಿರಕ್ಕೆ ಒತ್ತಿದ. ಜೋರಾಗಿಯೇನಲ್ಲ. ಮೂಗಿನ ತುದಿಗೆ ಲೋಳೆ ಅಂಟುವಷ್ಟು.

ಮೇಜಿನ ಸುತ್ತ ಇನ್ನೂ ಮೂವರಿದ್ದರು: ಇಬ್ಬರನ್ನೂ ಹೆತ್ತ ತಾಯಿ, ತಮ್ಮನ ಹೆಂಡತಿ, ಅವನ ಮಗಳು. ತಮ್ಮನ ಹೆಂಡತಿ ಬೇಳೆಯ ಸೌಟನ್ನು ಹಾಗೇ ಹಿಡಿದು ನಿಂತಳು. ಮಗಳು "ಅಪ್ಪ" ಎಂದು ಎದ್ದಳು. ತಾಯಿ ಬರೀ ನೋಡಿದಳು. ಎಂಬತ್ತೊಂದು ವರ್ಷದ ಮುದುಕಿ ನೋಡಿದ್ದನ್ನು ಎಲ್ಲಿ ತೆಗೆದಿಟ್ಟುಕೊಳ್ಳುತ್ತಾಳೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಾಳೆಯಿಂದ ದೀಪದ ಕೋಣೆಗೆ ಬರ್ಬೇಡ," ಎಂದ ತಮ್ಮ. "ಮನೇಲಿರು. ಸೊಪ್ಪು ಬಿಡಿಸು. ಅದಕ್ಕೆ ಕಣ್ಣು ಬೇಕಾಗಿಲ್ಲ."

ಇಪ್ಪತ್ತಾರು ವರ್ಷ ದೀಪದಕ್ಕ ಆ ಕೋಣೆಯಲ್ಲಿ ಕೂತಿದ್ದಳು. ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಕೋಣೆ. ತೂತು ಕೊರೆದ ಒಂದು ತಗಡಿನ ಡಬ್ಬಿ, ಡಬ್ಬಿಯೊಳಗೆ ಬಲ್ಬು. ಒಂದೊಂದು ಕೈಯಲ್ಲಿ ಮೂರು ಮೂರು ಮೊಟ್ಟೆ ಹಿಡಿದು ಬೆಳಕಿಗೆ ತಿರುಗಿಸಿದರೆ ಬಿರುಕು, ರಕ್ತ, ಹಳತು, ಹೊಸತು ಎಲ್ಲ ಗೊತ್ತಾಗಬೇಕು. ಅವಳಿಗೆ ಗೊತ್ತಾಗುತ್ತಿತ್ತು. ಕೆಲಸದವರು ಅವಳನ್ನು ದೀಪದಕ್ಕ ಎಂದರು, ಊರೂ ಹಾಗೇ ಎಂದಿತು, ಕೊನೆಗೆ ಅವಳಿಗೂ ತನ್ನ ಹೆಸರು ಕೇಳಿದರೆ ಬೇರೆ ಯಾರನ್ನೋ ಕರೆದಂತಾಗುತ್ತಿತ್ತು. ಈಗೊಂದು ವರ್ಷದಿಂದ ಅವಳು ನೇರವಾಗಿ ನೋಡಿದ್ದು ಮಾಯವಾಗುತ್ತಿತ್ತು. ಅಂಚಿನದೆಲ್ಲ ಕಾಣುತ್ತದೆ, ನಡುವೆ ಮಾತ್ರ ಒಂದು ಬೂದಿ ಬಣ್ಣದ ಕಲೆ. ಡಾಕ್ಟರು ವಯಸ್ಸು ಎಂದರು, ಅವಳು ದೀಪ ಎಂದಳು. ಯಾರ ಮುಖವನ್ನಾದರೂ ನೋಡಬೇಕಾದರೆ ಅವರ ಕಿವಿಯಿಂದಾಚೆ ದೃಷ್ಟಿ ಇಡಬೇಕಿತ್ತು. ತಮ್ಮನಿಗೆ ಅದು ಕೊಬ್ಬಿನಂತೆ ಕಾಣುತ್ತಿತ್ತು.

ಅವಳು ಆ ದಿನ ಅನ್ನ ಚೆಲ್ಲಲಿಲ್ಲ. ಮೊಟ್ಟೆಯನ್ನು ಬದಿಗೆ ಸರಿಸಿ, ಉಳಿದದ್ದನ್ನು ತಿಂದು, ತಟ್ಟೆ ತೊಳೆದಿಟ್ಟಳು. ಈ ತಮ್ಮನಿಗೆ ನಡೆಯಲು ಕಲಿಸಿದವಳು ಅವಳು. ಮದುವೆಯ ಮಾತು ಎರಡು ಸಲ ಬಂದಾಗಲೂ "ಫಾರಂ ಒಂದು ದಡ ಹತ್ತಲಿ" ಎಂದು ಕೂತವಳು ಅವಳು. ತೊಳೆದ ತಟ್ಟೆಯನ್ನು ಒರೆಸುತ್ತ ಒಂದೇ ಒಂದು ವಿಷಯ ಗಟ್ಟಿ ಮಾಡಿಕೊಂಡಳು: ಅವನೂ ಬಗ್ಗಬೇಕು. ಕ್ಷಮಿಸುವ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ, ಸುಳಿದಿದ್ದರೆ ಒಳಗೆ ಬಿಟ್ಟುಕೊಳ್ಳುತ್ತಲೂ ಇರಲಿಲ್ಲ.

ನಾಲ್ಕನೆಯ ದಿನ ಬೆಳಗಿನ ಚಹಾದ ಹೊತ್ತಿಗೆ ತಾಯಿ ಬಾಯಿಬಿಟ್ಟಳು.

"ಮಾರ್ಕೆಟ್ಟಿನ ಹಿಂದಿನ ನನ್ನ ಸೈಟು ಮಾರಿಬಿಟ್ಟೆ."

ತಮ್ಮ ಲೋಟ ಕೆಳಗಿಟ್ಟ. "ಯಾವಾಗ? ಯಾರಿಗೆ?"

"ಕೊಂಡ್ಕೊಂಡವರಿಗೆ. ದುಡ್ಡು ಮೂಕ ಜೀವಗಳಿಗೆ ಹೋಗ್ಬೇಕು. ಹನ್ನೆರಡು ಕೋಳಿಯಿಂದ ಶುರು ಮಾಡಿದ್ದು ನಾನು. ಐವತ್ತು ವರ್ಷ ಅವುಗಳ ಹೊಟ್ಟೆಯಲ್ಲಿ ಬಂದಿದ್ದನ್ನ ಮಾರಿ ನಮ್ಮ ಹೊಟ್ಟೆ ತುಂಬಿಸ್ಕೊಂಡ್ವಿ. ಸಾಯೋಕೆ ಮುಂಚೆ ಒಂದಿಷ್ಟು ವಾಪಸ್ ಕೊಡ್ತೀನಿ."

ತಮ್ಮನ ಮುಖ ಸ್ವಲ್ಪ ಸಡಿಲವಾಯಿತು. ಊರಲ್ಲಿದ್ದ ಬೀದಿನಾಯಿಗಳ ಆಶ್ರಮದ ಅಧ್ಯಕ್ಷರು ಅವನಿಗೆ ಕೋಳಿ ಆಹಾರ ಮಾರುವ ವ್ಯಾಪಾರಿ. "ಒಳ್ಳೇದೇ ಆಯ್ತು ಬಿಡಮ್ಮ. ಆಶ್ರಮಕ್ಕೆ ಕೊಡೋಣ. ಗೇಟಿನ ಹತ್ರ ಕಲ್ಲು ಹಾಕಿಸ್ತಾರೆ. ನಿನ್ನ ಹೆಸರು, ಕೆಳಗೆ ಫಾರಂ ಹೆಸರು."

"ಎಲ್ಲಿ ಕೊಟ್ರೆ ಹೆಚ್ಚು ಜೀವಗಳ ಸಂಕಟ ಕಮ್ಮಿ ಆಗತ್ತೋ ಅಲ್ಲಿಗೆ. ಅದನ್ನ ಆರಿಸೋದು ಇವಳು." ಮುದುಕಿ ದೀಪದಕ್ಕನ ಕಡೆ ಗಲ್ಲ ಎತ್ತಿ ತೋರಿಸಿದಳು. "ಆರಿಸೋದೇ ಅಲ್ವಾ ಇವಳ ಕೆಲಸ?"

ತಮ್ಮ ನಕ್ಕ. "ಮೊಟ್ಟೆ ಒಳಗಿನ ರಕ್ತ ಕಾಣದವಳು ಇದನ್ನ ಆರಿಸ್ತಾಳಾ? ಆರಿಸ್ಲಿ, ಆರಿಸ್ಲಿ. ಆಶ್ರಮದ ದಾರಿ ಗೊತ್ತಿದೆಯಲ್ಲಕ್ಕ? ಟ್ಯಾಂಕಿನ ಹತ್ರ ಎಡಕ್ಕೆ."

ಅವಳು ಅವನ ಕಿವಿಯಿಂದಾಚೆ ನೋಡುತ್ತ "ಹೋಗಿ ಬರ್ತೀನಿ" ಎಂದಳು.

ಅವಳ ಕಣ್ಣಾಗಿ ಹೊರಟವಳು ತಮ್ಮನ ಮಗಳು. ಹುಡುಗಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ದಿನವಿಡೀ ಒಂದು ಹನಿಯಲ್ಲಿ ಎಷ್ಟು ಕಣ ಇವೆ ಎಂದು ಎಣಿಸಿ ಎಣಿಸಿ ಎಲ್ಲದಕ್ಕೂ ಎಷ್ಟು ಎಂದು ಕೇಳುವ ಚಾಳಿ ಹತ್ತಿತ್ತು. ಆಶ್ರಮದಲ್ಲಿ ನಾಯಿಗಳನ್ನು ತೊಳೆಯುತ್ತಿದ್ದ ನಿವೃತ್ತ ಕಂಡಕ್ಟರನನ್ನೂ ಅದನ್ನೇ ಕೇಳಿದಳು.

"ಎಷ್ಟು ನಾಯಿ?"

"ಎಪ್ಪತ್ತು. ಚೆನ್ನಾಗಿ ನೋಡ್ಕೋತೀವಿ. ಕೊಟ್ರೆ ಬೇಡ ಅನ್ನಲ್ಲ." ಅವನು ಕುಂಟು ನಾಯಿಯ ಕಿವಿ ಒರೆಸುತ್ತ ಗೇಟಿನ ಕಡೆ ನೋಡಿದ. ಗೋಡೆಯಲ್ಲಿ ಕಲ್ಲುಗಳಿಗೆ ಜಾಗ ಉಳಿದಿರಲಿಲ್ಲ. "ಆದ್ರೆ ನಿಜ ಹೇಳ್ಲಾ ತಾಯಿ? ನಾಯಿಗೆ ಕೊಡೋರು ತುಂಬಾ ಜನ ಇದ್ದಾರೆ. ನಾಯಿ ಬಾಲ ಅಲ್ಲಾಡಿಸತ್ತೆ."

ವಾಪಸು ಬರುವಾಗ ಹುಡುಗಿ ಬಸ್ಸಿನಲ್ಲಿ ಹೇಳಿದಳು, "ಅತ್ತೆ, ಬಾಲ ಅಲ್ಲಾಡಿಸದ ಪ್ರಾಣಿಗೋಸ್ಕರ ಯಾರು ಕೆಲಸ ಮಾಡ್ತಾರೆ ಅಂತ ಹುಡುಕಿದೀನಿ. ಇನ್ನೊಂದು ಜಾಗ ಇದೆ. ಹೋಗೋಣ. ಆದ್ರೆ ಅಪ್ಪನಿಗೆ ಹೇಳ್ಬೇಡ."

ಆ ಜಾಗ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಒಂದು ಪ್ರಾಣಿಯೂ ಇರಲಿಲ್ಲ, ಗೋಡೆಯ ಮೇಲಿನ ಹಲ್ಲಿ ಬಿಟ್ಟರೆ. ದಪ್ಪ ಕನ್ನಡಕದ ಒಬ್ಬ ಹೆಂಗಸು, ಒಬ್ಬಳು ವಕೀಲೆ, ಒಂದು ಟೆಲಿಫೋನು. ಮೊಟ್ಟೆ ಕೊಳ್ಳುವ ದೊಡ್ಡ ದೊಡ್ಡ ಹೋಟೆಲು, ಬೇಕರಿ, ಕ್ಯಾಂಟೀನುಗಳ ಬೆನ್ನು ಹತ್ತಿ, ಪಂಜರದ ಕೋಳಿಯ ಮೊಟ್ಟೆ ಇನ್ನು ಕೊಳ್ಳುವುದಿಲ್ಲ ಎಂದು ಬರೆಸಿಕೊಳ್ಳುವುದು ಅವರ ಕೆಲಸ. ಒಬ್ಬ ಕೊಳ್ಳುವವನು ಬದಲಾದರೆ ಸಾವಿರಗಟ್ಟಲೆ ಕೋಳಿ ಪಂಜರದಿಂದ ಇಳಿಯುತ್ತವೆ ಎಂದು ಕನ್ನಡಕದವಳು ಹೇಳಿದಳು.

ದೀಪದಕ್ಕನ ಬೆನ್ನು ನೆಟ್ಟಗಾಯಿತು. "ನಮ್ಮೂರ ದೊಡ್ಡ ಬೇಕರಿ ನಿಮ್ಮ ಪಟ್ಟಿಯಲ್ಲಿದೆಯಾ?"

"ಇದೆ. ಒಂಬತ್ತನೇದು."

"ಮೊದಲನೇದು ಮಾಡಿ. ನಮ್ಮಮ್ಮನ ದುಡ್ಡು ಪೂರ್ತಿ ಕೊಡ್ತೀನಿ."

"ಹಾಗೆ ಆಗಲ್ಲಮ್ಮ. ಕೊಟ್ಟವರು ಹೇಳಿದ ಹಾಗೆ ಪಟ್ಟಿ ಬದಲಾಯಿಸಲ್ಲ. ಎಲ್ಲಿ ಹೆಚ್ಚು ಕೋಳಿ ಇದೆಯೋ, ಎಲ್ಲಿ ಗೆಲ್ಲೋದು ಸಾಧ್ಯವೋ, ಅದು ಮೊದಲು."

"ಅವರು ದಿನಕ್ಕೆ ಎಷ್ಟು ಮೊಟ್ಟೆ ತಗೋತಾರೆ ಅಂತ ಬರ್ಕೊಂಡಿದೀರಿ?"

"ಆರು ಸಾವಿರ. ಅವರೇ ಹೇಳಿದ್ದು."

ದೀಪದಕ್ಕನಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು. "ಮೂವತ್ತೆರಡು ಸಾವಿರ. ಮೂರು ಫಾರಂನಿಂದ. ಲಾರಿ ಉಳಿದೆರಡು ಕಡೆ ತುಂಬಿಸ್ಕೊಂಡು ಕೊನೆಗೆ ನಮ್ಮಲ್ಲಿಗೆ ಬರ್ತಿತ್ತು, ಚೀಟಿಗೆಲ್ಲ ನನ್ನ ಕೋಣೆಯಲ್ಲೇ ಮೊಹರು ಬೀಳ್ತಿತ್ತು. ಹತ್ತು ಕೋಳಿಗೆ ಎಂಟು ಮೊಟ್ಟೆ ಅಂದ್ರೂ ನಲವತ್ತು ಸಾವಿರ ಕೋಳಿ. ಒಂದೊಂದಕ್ಕೂ ಇಷ್ಟೇ ಜಾಗ." ಮೇಜಿನ ಮೇಲಿದ್ದ ಕಾಗದವೊಂದನ್ನು ಸವರಿ ಹುಡುಕಿ, ಮಡಚಿ, ಮುಂದೆ ತಳ್ಳಿದಳು. "ಉಗುರು ತಂತಿಗೆ ಸುತ್ಕೊಂಡು ಬೆಳೆದುಬಿಡತ್ತೆ. ಹೊರಗೆ ತೆಗೆಯೋವಾಗ ಕಾಲು ಅಲ್ಲೇ ಉಳಿಯತ್ತೆ. ಬೇಕಾದ್ರೆ ಬರ್ಕೊಳ್ಳಿ, ಸಹಿ ಹಾಕ್ತೀನಿ."

ಕನ್ನಡಕದವಳು ಲೆಕ್ಕ ಬರೆದುಕೊಂಡಳು. "ನಿಮಗೆ ಆ ಫಾರಂನವರ ಮೇಲೆ ಸಿಟ್ಟಿದೆಯಾ?"

"ಇದೆ."

"ಹಾಗಾದ್ರೆ ನಿಮ್ಮ ಲೆಕ್ಕ ಎರಡು ಸಲ ಪರೀಕ್ಷೆ ಮಾಡ್ತೀವಿ."

"ಮೂರು ಸಲ ಮಾಡಿ," ಎಂದಳು ದೀಪದಕ್ಕ.

ಎರಡು ವಾರ ಪರೀಕ್ಷೆ ಮಾಡಿದರು. ಲೆಕ್ಕ ಸರಿ ಬಂತು, ಬೇಕರಿ ಪಟ್ಟಿಯ ತಲೆಗೆ ಏರಿತು. ತಾಯಿಯ ಸಹಿ ಬಿದ್ದ ಚೆಕ್ಕನ್ನು ದೀಪದಕ್ಕ ತನ್ನ ಕೈಯಾರೆ ಕೊಟ್ಟು ಬಂದಳು. ಅವರು ಕಲ್ಲು ಹಾಕಿಸಲಿಲ್ಲ. ಒಂದು ರಸೀತಿ ಕೊಟ್ಟರು.

"ಅತ್ತೆ, ಒಂದು ಮಾತು ಕೇಳ್ತೀನಿ," ಎಂದಳು ಹುಡುಗಿ ಮೆಟ್ಟಿಲಿಳಿಯುತ್ತ. "ನೀನು ಮಾಡಿದ್ದು ಕೋಳಿಗೋಸ್ಕರವಾ, ಅಪ್ಪನ ಮೇಲಿನ ಸೇಡಿಗಾ?"

"ಅದರಿಂದ ಕೋಳಿಗೇನಾಗ್ಬೇಕು?" ಎಂದು ಕೇಳಿದಳು ದೀಪದಕ್ಕ.

ಆಮೇಲೆ ಏಳು ವಾರ ಮನೆಯಲ್ಲಿ ಏನೂ ಆಗಲಿಲ್ಲ. ದೀಪದಕ್ಕ ಸೊಪ್ಪು ಬಿಡಿಸಿದಳು, ಬಟ್ಟೆ ಮಡಚಿದಳು, ಹೆಸರುಕಾಳಿನಿಂದ ಕಲ್ಲನ್ನು ಬೆರಳಿನಲ್ಲೇ ಹೆಕ್ಕಿದಳು. ಊಟಕ್ಕೆ ಕೂತಾಗಲೆಲ್ಲ ತಮ್ಮ "ಆಶ್ರಮದವರು ಕಲ್ಲಿಗೆ ಯಾಕೆ ಅಳತೆ ತಗೊಂಡಿಲ್ಲ?" ಎನ್ನುತ್ತಿದ್ದ. "ನಿಧಾನವಾಗಿ ಗೊತ್ತಾಗತ್ತೆ" ಎಂದು ಅವಳು ಅವನ ಕಿವಿಯ ಪಕ್ಕದ ಗೋಡೆಗೆ ಹೇಳುತ್ತಿದ್ದಳು. ಅವನಿಗೆ ಬಡಿಸಿದ ಪಲ್ಯಕ್ಕೆ ಉಪ್ಪು ಸರಿಯಿದೆಯಾ ಎಂದೂ ವಿಚಾರಿಸುತ್ತಿದ್ದಳು. ಅಷ್ಟು ನಯವಾಗಿ ಅವಳು ಜನ್ಮದಲ್ಲಿ ಮಾತಾಡಿರಲಿಲ್ಲ.

ಎಂಟನೆಯ ವಾರ ಬೇಕರಿಯ ಪತ್ರ ಬಂತು. ತಮ್ಮ ಅದನ್ನು ಊಟದ ಮೇಜಿಗೇ ತಂದು ಓದಿದ. ಇನ್ನು ಮೂರು ತಿಂಗಳಲ್ಲಿ ಮೂರರಲ್ಲೊಂದು ಪಾಲು ಮೊಟ್ಟೆ ಪಂಜರವಿಲ್ಲದ ಶೆಡ್ಡಿನಿಂದ ಬರಬೇಕು, ಎರಡು ವರ್ಷದಲ್ಲಿ ಅಷ್ಟೂ. ಮೊದಲು ಸಿದ್ಧವಾದ ಫಾರಂಗೆ ಮೊದಲ ಗುತ್ತಿಗೆ. ಕೊನೆಯಲ್ಲಿ, ಈ ಬದಲಾವಣೆಗೆ ದಾರಿ ತೋರಿದ ಸಂಘಕ್ಕೆ ವಂದನೆ. ಸಂಘದ ಬೆನ್ನಿಗೆ ನಿಂತ ಹಿರಿಯ ದಾನಿಗೆ, ಹೆಸರು ಸಮೇತ, ವಂದನೆ. ಹಿರಿಯ ದಾನಿ ಅಲ್ಲೇ ಕೂತು ಹಲ್ಲಿಲ್ಲದ ಬಾಯಿಯಲ್ಲಿ ಅನ್ನ ನುರಿಸುತ್ತಿದ್ದಳು.

"ಅಮ್ಮ. ಇದೇನಿದು?"

"ನನ್ನ ಹೆಸರು ಹಾಕಿದಾರಾ? ಎಲ್ಲಿ, ಇನ್ನೊಂದು ಸಲ ಓದು."

"ಯಾರು ಮಾಡಿದ್ದು ಇದನ್ನ?"

"ನಾನು," ಎಂದಳು ದೀಪದಕ್ಕ. "ಆರಿಸು ಅಂದ್ರು, ಆರಿಸಿದೆ. ಆಶ್ರಮದಲ್ಲಿ ಎಪ್ಪತ್ತು ನಾಯಿ. ಇದರಲ್ಲಿ ನಲವತ್ತು ಸಾವಿರ ಕೋಳಿ."

"ಅದರಲ್ಲಿ ಹದಿನೈದು ಸಾವಿರ ನಂದು ಕಣೆ!"

"ಅದೂ ಲೆಕ್ಕದಲ್ಲಿದೆ."

ತಮ್ಮ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಮನೆಯ ಅನ್ನ ತಿಂದು ಮನೆಗೇ ಬತ್ತಿ ಇಟ್ಟೆಯಲ್ಲ. ಪಂಜರ ಕಿತ್ತರೆ ಅರ್ಧ ಕೋಳಿಗೂ ಜಾಗ ಸಾಲಲ್ಲ. ಹೊಸ ಶೆಡ್ಡು ಯಾರಪ್ಪ ಕಟ್ಟಿಸ್ತಾನೆ? ಈ ತಿಂಗಳು ಮುಗಿಯೋದ್ರೊಳಗೆ ಹೊರಡು. ಎಲ್ಲಿಗಾದ್ರೂ ಹೋಗು."

"ರೀ, ಮೆತ್ತಗೆ," ಎಂದಳು ಹೆಂಡತಿ. ಹೇಳಿದ್ದು ಗಂಡನಿಗೆ, ಉರಿಗಣ್ಣು ಬಿಟ್ಟದ್ದು ದೀಪದಕ್ಕನ ಮೇಲೆ. "ಅಕ್ಕ, ನಮ್ಮ ಹೊಟ್ಟೆಗೆ ಹೊಡೆಯೋಕೆ ಮುಂಚೆ ಒಂದು ಮಾತು ನನ್ನ ಹತ್ರ ಹೇಳಬಾರದಿತ್ತಾ?"

"ಅವತ್ತು ನಿನ್ನ ಕೈಯಲ್ಲಿ ಸೌಟು ಇತ್ತು," ಎಂದಳು ದೀಪದಕ್ಕ. "ಬಾಯಿ ಇರಲಿಲ್ಲ."

ತಾಯಿ ತಟ್ಟೆಯಿಂದ ತಲೆಯೆತ್ತಿದಳು. "ಅವಳು ಹೊರಟ್ರೆ ಮೊದಲು ನನ್ನ ಮಂಚ ಹೊರಗೆ ಹಾಕಿಸು. ಅವಳೊಬ್ಬಳ ಕೈಲಿ ಹೊತ್ಕೊಂಡು ಹೋಗೋಕಾಗಲ್ಲ, ನಾಲ್ಕು ಜನ ಬೇಕು."

ಮಂಚವೂ ಹೊರಗೆ ಹೋಗಲಿಲ್ಲ, ದೀಪದಕ್ಕನೂ ಹೋಗಲಿಲ್ಲ. ಆದರೆ ಅವಳಿದ್ದ ಮೇಜಿಗೆ ತಾನು ಕೂರುವುದಿಲ್ಲ ಎಂದು ತಮ್ಮ ಹಟ ಹಿಡಿದ. ಅಂದಿನಿಂದ ಅವಳ ತಟ್ಟೆ ಅಡುಗೆಮನೆಯ ಮೂಲೆಯ ಸ್ಟೂಲಿಗೆ ಹೋಯಿತು, ಎಲ್ಲರದೂ ಆದಮೇಲೆ, ತಣ್ಣಗಾದಮೇಲೆ. ಮನೆಗೆಲಸದವಳನ್ನು ಬಿಡಿಸಿದರು, ಪಾತ್ರೆ ಅವಳ ಪಾಲಿಗೆ ಬಂತು. ತಮ್ಮನ ಹೆಂಡತಿ ಹಾಲಿಗೆ ನೀರು ಬೆರೆಸಿದ ದಿನ ಎಲ್ಲರಿಗೂ ಕೇಳುವ ಹಾಗೆ "ಕೋಳಿಗಳ ಪುಣ್ಯ, ಕುಡೀರಿ" ಎಂದಳು. ದೀಪದಕ್ಕ ಕುಡಿದಳು. ಅವಳಿಗೆ ಆ ಚಹಾ ಚೆನ್ನಾಗಿಯೇ ಇತ್ತು.

ತಮ್ಮ ಸುಮ್ಮನೆ ಕೂರುವ ಹಾಗಿರಲಿಲ್ಲ. ಊರಾಚೆಯ ಪ್ರತಿಸ್ಪರ್ಧಿ ಆಗಲೇ ಪಂಜರ ಕೀಳಲು ಶುರು ಮಾಡಿದ್ದ. ಇವನೂ ಸಾಲ ತಂದು ಮೊದಲ ಶೆಡ್ಡು ಖಾಲಿ ಮಾಡಿಸಿ, ನೆಲಕ್ಕೆ ಹೊಟ್ಟು ಹರಡಿ, ಗೋಡೆಯುದ್ದಕ್ಕೂ ಮೊಟ್ಟೆಯಿಡುವ ಗೂಡುಪೆಟ್ಟಿಗೆ ಹೊಡೆಸಿ, ಎರಡೂವರೆ ಸಾವಿರ ಎಳೆಯ ಕೋಳಿ ಇಳಿಸಿದ. ಇಳಿಸಿದ ಮೂರನೆಯ ಬೆಳಿಗ್ಗೆ ಒಂದು ಮೂಲೆಯಲ್ಲಿ ನೂರಾರು ಕೋಳಿ ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದವು. ಅಡಿಯಲ್ಲಿದ್ದ ಅರವತ್ತಮೂರು ಉಸಿರುಗಟ್ಟಿ ಸತ್ತಿದ್ದವು.

ಹುಡುಗಿ ಅದನ್ನು ಅಡುಗೆಮನೆಗೆ ಬಂದು ಹೇಳಿದಾಗ ದೀಪದಕ್ಕನ ಕೈಯ ಲೋಟ ತೊಳೆಯುವ ನೀರಿನಲ್ಲೇ ನಿಂತಿತು.

"ಎಷ್ಟು ಅಂದೆ?"

"ಅರವತ್ತಮೂರು."

ಅವಳು ಅದನ್ನು ಲೆಕ್ಕ ಹಾಕಿರಲಿಲ್ಲ. ನಲವತ್ತು ಸಾವಿರವನ್ನು ಲೆಕ್ಕ ಹಾಕಿದ್ದಳು, ತಮ್ಮನ ನಷ್ಟವನ್ನು ಲೆಕ್ಕ ಹಾಕಿದ್ದಳು, ಪಂಜರ ಬಿಟ್ಟ ಕೋಳಿಯನ್ನು ಇವನಿಗೆ ಸಾಕಲು ಬರುವುದಿಲ್ಲ ಎಂಬುದನ್ನು ಮಾತ್ರ ಮರೆತಿದ್ದಳು. ಆ ಹೊತ್ತು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. "ಮೂಲೆ ಚೂಪಾಗಿ ಬಿಟ್ಟಿದಾನೆ," ಎಂದಳು. "ಹೆದರಿದ ಕೋಳಿ ಮೂಲೆಗೆ ನುಗ್ಗತ್ತೆ. ಹಲಗೆ ಹೊಡೆದು ಗುಂಡಗೆ ಮಾಡ್ಬೇಕು. ಓಡು, ಹೇಳು."

"ನೀನೇ ಹೇಳಿದೆ ಅಂತ ಹೇಳ್ಲಾ?"

"ಬೇಡ. ಮೊದಲು ಹೊಡೆಸ್ಲಿ."

ಮೂಲೆ ಗುಂಡಗಾಯಿತು, ಸಾವು ನಿಂತಿತು. ಆದರೆ ಕೋಳಿಗಳು ಗೂಡುಪೆಟ್ಟಿಗೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸಿಕ್ಕಸಿಕ್ಕ ನೆಲದಲ್ಲಿ ಮೊಟ್ಟೆಯಿಟ್ಟು ತಾವೇ ತುಳಿದವು. ಬೇಕರಿಯಿಂದ ತಪಾಸಣೆಗೆ ಬಂದವನು ಒಡೆದ ಮೊಟ್ಟೆಗಳ ನಡುವೆ ಬೂಟನ್ನು ಎತ್ತೆತ್ತಿ ಇಡುತ್ತ ಕೇಳಿದ: "ಇಲ್ಲಿ ನೆಲದ ಕೋಳಿ ಸಾಕಿ ಗೊತ್ತಿರೋರು ಯಾರಿದ್ದಾರೆ? ಅವರ ಹೆಸರು ಬರೆದುಕೊಡದೆ ಗುತ್ತಿಗೆಗೆ ಸಹಿ ಹಾಕಲ್ಲ."

ಎಂಬತ್ತೊಂದು ವರ್ಷದ ಮುದುಕಿಯನ್ನು ಬಿಟ್ಟರೆ ಆ ಮನೆಯಲ್ಲಿ ಅದು ಗೊತ್ತಿದ್ದವಳು ಒಬ್ಬಳೇ. ಅಂಗಳದ ಆ ಹನ್ನೆರಡು ಕೋಳಿಗಳ ಹಿಂದೆ ಓಡಾಡಿ ಬೆಳೆದವಳು.

ತಮ್ಮ ಅಡುಗೆಮನೆಗೆ ಬಂದಾಗ ದೀಪದಕ್ಕ ಸ್ಟೂಲಿನ ಮೇಲೆ ಊಟ ಮಾಡುತ್ತಿದ್ದಳು. ಅವನು ಬಾಗಿಲಿಗೆ ಒರಗಿ ನಿಂತು ಗಂಟಲು ಸರಿಮಾಡಿಕೊಂಡ.

"ಅಕ್ಕ."

"ಹೂಂ."

"ಮೊದಲ ಶೆಡ್ಡಿಗೆ ಉಸ್ತುವಾರಿ ನಿನ್ನ ಹೆಸರು ಬರೀತೀನಿ. ಸಂಬಳ ಕೊಡ್ತೀನಿ."

"ಕೊಡ್ಲೇಬೇಕು. ಇಪ್ಪತ್ತಾರು ವರ್ಷ ಕೊಟ್ಟಿಲ್ಲ." ಅವಳು ತುತ್ತು ನುಂಗಿದಳು. "ಹೊಸ ಕೋಳಿ ನೆಲದಲ್ಲಿ ಇಡೋದನ್ನ ಬಿಡಿಸೋಕೆ ಒಂದೇ ದಾರಿ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಗಂಟೆಗೊಂದು ಸಲ ಒಬ್ಬರು ನಿಧಾನವಾಗಿ ಶೆಡ್ಡು ಸುತ್ತಿ, ನೆಲದ ಮೊಟ್ಟೆ ಒಂದೂ ಬಿಡದೆ ಆರಿಸ್ಬೇಕು. ಮೊಟ್ಟೆ ಬಿದ್ದಿದ್ರೆ ಇನ್ನೊಂದು ಕೋಳಿ ಅಲ್ಲೇ ಬಂದು ಇಡತ್ತೆ. ದಿನಾ ಒಬ್ಬರೇ ಹೋಗ್ಬೇಕು, ಮುಖ ಬದಲಾದ್ರೆ ಬೆದರ್ತಾವೆ. ಆರು ವಾರ."

"ಆಯ್ತು, ಕೆಲಸದವನೊಬ್ಬನನ್ನ ಹಾಕ್ತೀನಿ."

"ಇಲ್ಲ. ನೀನು."

"ನಾನಾ? ನನ್ನ ಹೊಟ್ಟೆ ನೋಡಿದೀಯಾ? ಅಷ್ಟು ಜನ ಕೆಲಸದವರಿದ್ದಾರಲ್ಲಕ್ಕ."

"ಗೊತ್ತು," ಎಂದಳು.

ಪಂಜರದಲ್ಲಿ ತಂತಿಯ ನೆಲ ಮುಂದಕ್ಕೆ ಇಳಿಜಾರಾಗಿರುತ್ತದೆ. ಕೋಳಿ ಇಟ್ಟ ಮೊಟ್ಟೆ ತಾನಾಗಿ ಉರುಳಿ ಸೊಂಟದೆತ್ತರದ ತೊಟ್ಟಿಗೆ ಬಂದು ನಿಲ್ಲುತ್ತದೆ. ಆ ಮನುಷ್ಯ ಹುಟ್ಟಿ ದೊಡ್ಡವನಾಗಿ ಫಾರಂ ಯಜಮಾನನಾಗಿ ಇಷ್ಟು ವರ್ಷ ಒಂದು ಮೊಟ್ಟೆಗೂ ಬೆನ್ನು ಬಗ್ಗಿಸಿದವನಲ್ಲ. ಒಳಗಿನಿಂದ ಅವನ ಹೆಂಡತಿ "ಹೂಂ ಅನ್ರೀ, ಸಾಲದವರಿಗೆ ನಾನು ಉತ್ತರ ಹೇಳಲ್ಲ" ಎಂದು ಕೂಗಿದಳು. ಅವನು ಹೂಂ ಎಂದ.

ಮೊದಲ ಬೆಳಿಗ್ಗೆ ಏಳಕ್ಕೆ ದೀಪದಕ್ಕನ ಸ್ಟೂಲು ಅಡುಗೆಮನೆಯಿಂದ ಶೆಡ್ಡಿನ ಬಾಗಿಲಿಗೆ ಬಂತು. ತಮ್ಮನ ಹೆಂಡತಿ ಚಹಾ ತಂದು ಅವಳ ಕೈಗಿಟ್ಟಳು, ಹಾಲಿಗೆ ನೀರು ಬೆರೆಸದ ಚಹಾ. ಹುಡುಗಿ ಲ್ಯಾಬಿಗೆ ಹೊರಟವಳು ಪಕ್ಕದಲ್ಲಿ ನಿಂತಳು. ಕೆಲಸದವರು ಕಾಳಿನ ಚೀಲ ಹೊರುವ ನೆಪದಲ್ಲಿ ಅಲ್ಲೇ ಸುತ್ತಾಡಿದರು.

"ಕೋಳಿ ಏನ್ಮಾಡ್ತಾ ಇವೆ?" ಎಂದು ಕೇಳಿದಳು ದೀಪದಕ್ಕ.

"ಕೆಲವು ಹೊಟ್ಟು ಕೆದಕ್ತಾ ಇವೆ. ಒಂದು ಕೋಳಿ ರೆಕ್ಕೆ ಅಗಲಿಸಿ ಹೊಟ್ಟಿನಲ್ಲೇ ಹೊರಳಿ ಸ್ನಾನ ಮಾಡ್ತಾ ಇದೆ. ಅಪ್ಪ ಬುಟ್ಟಿ ಹಿಡ್ಕೊಂಡು ನಿಂತಿದಾನೆ."

ಅವನು ಬಗ್ಗಿದ. ಏಳುವಾಗ ಮೂಗಿನಿಂದ ಉಸಿರು ಬಂದದ್ದು ಬಾಗಿಲಿಗೆ ಕೇಳಿಸಿತು. ಇನ್ನೊಂದು. ಮತ್ತೊಂದು. ದೀಪದಕ್ಕ ಚಹಾ ಹೀರುತ್ತ ಎಣಿಸಿದಳು. ಪ್ರತಿಯೊಂದಕ್ಕೂ ಅವಳ ಹೊಟ್ಟೆ ತಣ್ಣಗಾಯಿತು; ಅದನ್ನು ಯಾರಿಂದಲೂ ಮುಚ್ಚಿಡುವ ಮನಸ್ಸು ಅವಳಿಗಿರಲಿಲ್ಲ. ನೂರಾ ಹನ್ನೊಂದಕ್ಕೆ ಅವನು ಬೆವರು ಒರೆಸಿಕೊಂಡು ಬುಟ್ಟಿಯನ್ನು ಬಾಗಿಲಿಗೆ ತಂದ.

"ಮುಗೀತು."

"ಇಲ್ಲ. ಎಡಗಡೆ ಮೂಲೆ. ಹಲಗೆ ಹತ್ರ ಈಗಷ್ಟೇ ಒಂದು ಕೋಳಿ ಕೂಗ್ತು. ಅದು ಇಟ್ಟ ಮೇಲೆ ಕೂಗೋ ಕೂಗು."

ಅವನು ಕಾಲೆಳೆದುಕೊಂಡು ಹೋದ. ನಿಂತು ಅತ್ತಿತ್ತ ನೋಡಿದ.

"ಏನೂ ಇಲ್ಲ ಇಲ್ಲಿ. ಕಾಣ್ತಾ ಇಲ್ಲ."

ಕೆಲಸದವರು ಹೊತ್ತ ಚೀಲ ಕೆಳಗಿಳಿಸಿದರು. ದೀಪದಕ್ಕ ಲೋಟವನ್ನು ಕೆಳಗಿಟ್ಟಳು. ಅವನ ಕಿವಿಯಿಂದಾಚೆ ದೃಷ್ಟಿಯಿಟ್ಟು, ಅವನ ಮುಖ ಪೂರ್ತಿ ಕಾಣುವ ಹಾಗೆ ಕತ್ತು ತಿರುಗಿಸಿ ನೋಡಿದಳು.

"ಬಗ್ಗು," ಎಂದಳು. "ಬಗ್ಗಿ ನೋಡು, ಕಾಣತ್ತೆ."